ಮುಂದೆ ರೇಡಿಯಲ್, ಹಿಂದೆ ನೈಲಾನ್: ಖಾಲಿ ಪಿಕಪ್ ಒಂದು ತಿರುಗಿ ನಿಂತ ಪ್ರಕರಣ

ನಾಲ್ಕೂ ಗಾಲಿಗೆ ನೈಲಾನ್ ಟೈರು ಹಾಕಿಕೊಂಡು ಮೂರು ವರ್ಷ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹೊತ್ತ ಪಿಕಪ್ ಅದು. ಅಷ್ಟು ದಿನದಲ್ಲಿ ಒಮ್ಮೆಯೂ ಹಿಂಬದಿ ಜಾರಿರಲಿಲ್ಲ. ಮುಂದಿನ ಎರಡು ಟೈರು ಸವೆದವೆಂದು ಒಳ್ಳೆಯ ರೇಡಿಯಲ್ ಜೋಡಿ (ಒಳಗಿನ ದಾರದ ಹೆಣಿಗೆಯೇ ಬೇರೆಯಾದ ಟೈರು) ಹಾಕಿಸಿದ ಹದಿನಾರನೇ ದಿನ, ಗಬ್ಬೂರಿನ ಹತ್ತಿರ ಹೆದ್ದಾರಿ ಬಿಟ್ಟು ಹುಬ್ಬಳ್ಳಿ ಊರೊಳಗೆ ತಿರುಗುವಾಗ ಗಾಡಿಯ ಹಿಂಬದಿ ಹೊರಗೆ ಬೀಸಿತು. ಗಾಡಿ ಅರ್ಧ ಸುತ್ತು ಸುತ್ತಿ, ಬಂದ ದಾರಿಗೇ ಮೋರೆ ಮಾಡಿ ಮಣ್ಣಿನ ಅಂಚಿನಲ್ಲಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಹಿಂದಿನ ಎಡ ಮೂಲೆಯ ತಗಡು ನೆಗ್ಗಿತು, ಒಂದು ದೀಪ ಒಡೆಯಿತು, ಅಷ್ಟೇ.

ಮಾಲೀಕರ ಪ್ರಶ್ನೆ ಸಹಜವಾದದ್ದು: ಹಳೇ ಟೈರಿದ್ದಾಗ ಆಗದ್ದು ಹೊಸ ಟೈರು ಹಾಕಿದ ಮೇಲೆ ಹೇಗಾಯಿತು? ಟೈರೇ ಖೊಟ್ಟಿ ಇರಬೇಕೆಂದು ಅವರು ಅಂಗಡಿಗೆ ಹೋಗಿ ವಾದಿಸಿದ್ದರು. ಟೈರು ಖೊಟ್ಟಿ ಇರಲಿಲ್ಲ. ಗಾಡಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಟೈರುಗಳೆಂದರೆ ಅವೇ. ತೊಂದರೆ ಇದ್ದದ್ದು ಅವು ಕೂತ ಜಾಗದಲ್ಲಿ.

ಗಾಡಿ ಮತ್ತು ಟೈರು

ನವಲಗುಂದ ತಾಲೂಕಿನ ಒಂದೂವರೆ ಟನ್ನಿನ ಪಿಕಪ್. ಎಂಜಿನ್ ಮುಂದೆ, ಎಳೆಯುವುದು ಹಿಂದಿನ ಗಾಲಿ. ಹಿಂದೆ ಪಾಟಾ (ಉಕ್ಕಿನ ಪಟ್ಟಿಗಳ) ಸ್ಪ್ರಿಂಗ್, ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಕೆಲಸ ಎರಡು ಬಗೆಯದು. ವಾರಕ್ಕೆ ಒಂದೋ ಎರಡೋ ಸಲ ಹುಬ್ಬಳ್ಳಿ, ಶಿಗ್ಗಾಂವಿ, ಹಾವೇರಿ, ಮೋಟೆಬೆನ್ನೂರು ದಾಟಿ ಬ್ಯಾಡಗಿಗೆ. ಹೋಗಿ ಬಂದರೆ ಸುಮಾರು 250 ಕಿ.ಮೀ. ಉಳಿದ ದಿನ ಹೊಲದ ದಾರಿ, ಎರೆ ಮಣ್ಣು, ಗೊಬ್ಬರ, ಕಡಲೆ ಚೀಲ.

ಮುಂದಿನ ಜೋಡಿಯ ಬದಿಯಲ್ಲಿ ಬರೆದದ್ದು 7.00 ಆರ್ 15 ಎಲ್‌ಟಿ (ಎಲ್‌ಟಿ ಅಂದರೆ ಹಗುರ ಲಾರಿಯ ಟೈರು). ಹಿಂದಿನದರ ಮೇಲೆ 7.00-15 ಎಲ್‌ಟಿ. ನೋಡುವವರ ಕಣ್ಣಿಗೆ ಎರಡೂ 'ಏಳು ಹದಿನೈದು'. ಆದರೆ ಆ ನಡುವಿನ ಅಕ್ಷರದಲ್ಲೇ ಈ ಪ್ರಕರಣ ಪೂರ್ತಿ ಅಡಗಿದೆ. 'ಆರ್' ಇದ್ದರೆ ರೇಡಿಯಲ್, ಬರೀ ಅಡ್ಡಗೆರೆ ಇದ್ದರೆ ನೈಲಾನ್ ಎಂದು ನಾವು ಕರೆಯುವ ಕ್ರಾಸ್‌ಪ್ಲೈ. ಅಳತೆ ಒಂದೇ, ಪ್ಲೈ (ಟೈರಿನ ಪದರದ ಅಂಕಿ) ಒಂದೇ, ಒಂದೇ ಡಿಸ್ಕಿಗೆ (ಟೈರು ಕೂರುವ ಉಕ್ಕಿನ ಗಾಲಿಗೆ) ಕೂಡುತ್ತವೆ. ಹೀಗಾಗಿ ಅಂಗಡಿಯಲ್ಲಿ ಯಾರೂ ತಡೆಯಲಿಲ್ಲ.

ಟೈರಿನ ಮೈಮೇಲಿನ ತೋಡಿನ ಆಳ ಅಳೆದಾಗ ಮುಂದಿನ ಎರಡೂ 10 ಮಿ.ಮೀ. ಆಸುಪಾಸು ಬಂದವು. ಹಿಂದಿನ ಎಡದ್ದು 3.6, ಬಲದ್ದು 2.4. ಕೇಂದ್ರ ಮೋಟಾರು ವಾಹನ ನಿಯಮಗಳು 1989ರಂತೆ ಇಂಥ ಗಾಡಿಗೆ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಆ ಲೆಕ್ಕಕ್ಕೆ ನಾಲ್ಕೂ ಪಾಸು. ಹಿಂದಿನವುಗಳ ತಯಾರಿಕೆ ಅಂಕಿ ಓದಿದರೆ ಬಲದ್ದು 2218, ಎಡದ್ದು 4119. ಮೊದಲೆರಡು ಅಂಕಿ ವಾರ, ಕೊನೆಯೆರಡು ಇಸವಿ. ಅಂದರೆ ಒಂದೇ ಆಕ್ಸಲ್‌ನ ಎರಡು ಟೈರಿಗೆ ಸುಮಾರು 16 ತಿಂಗಳ ಅಂತರ. ಹಿಂದಿನವುಗಳ ಬಟನ್ (ನೆಲ ಹಿಡಿಯುವ ರಬ್ಬರ್ ಗಟ್ಟಿಗಳು) ಅರೆ ಲಗ್, ಅಂದರೆ ದಪ್ಪ ಗಟ್ಟಿಗಳ ಮಾದರಿ, ಹೊಲದ ಕೆಸರಿಗೆ ಬೇಕೆಂದೇ ಆರಿಸಿದ್ದು. ಮುಂದಿನವು ಉದ್ದುದ್ದ ಗೆರೆಯ ರಿಬ್.

ಆ ಸಂಜೆ

ಏಪ್ರಿಲ್ ಕೊನೆಯ ವಾರ. ಮೆಣಸಿನಕಾಯಿ ಇಳಿಸಿ ಖಾಲಿ ಗಾಡಿ ವಾಪಸ್ ಬರುತ್ತಿತ್ತು. ಹಿಂದೆ ಇದ್ದದ್ದು ತಾಡಪತ್ರಿ, ಹಗ್ಗ, ಸ್ಟೆಪ್ನಿ. ಶಿಗ್ಗಾಂವಿ ದಾಟಿದ ಮೇಲೆ ಗುಡುಗು ಮಳೆ, ಆ ವರ್ಷದ ಮೊದಲನೆಯದು, ಇಪ್ಪತ್ತು ನಿಮಿಷ ಹೊಡೆದು ನಿಂತಿತ್ತು. ಬೇಸಿಗೆಯುದ್ದಕ್ಕೂ ಡಾಂಬರಿನ ಮೇಲೆ ಕೂತ ಧೂಳು, ಲಾರಿಗಳ ಎಣ್ಣೆ, ಟೈರಿನ ಪುಡಿ, ಅದರ ಮೇಲೆ ಟ್ರ್ಯಾಕ್ಟರ್ ಗಾಲಿಗಳು ತಂದು ಉದುರಿಸಿದ ಎರೆ ಮಣ್ಣು. ಇವೆಲ್ಲ ತುಸು ನೀರಿಗೆ ಕಲಸಿದರೆ ರಸ್ತೆಗೆ ಸಾಬೂನು ಹಚ್ಚಿದಂತೆ. ಇದೇ ಮಳೆ ಇನ್ನರ್ಧ ಗಂಟೆ ಸುರಿದಿದ್ದರೆ ರಸ್ತೆ ತೊಳೆದು ಹೋಗಿ ಹಿಡಿತ ತುಸು ಮರಳುತ್ತಿತ್ತು. ಮೊದಲ ಮಳೆಯ ಮೊದಲ ಅರ್ಧ ಗಂಟೆಗೆ ಅಂಜಬೇಕು ಅನ್ನುವುದು ಇದಕ್ಕೇ.

ಡ್ರೈವರ್ ಹೇಳಿದಂತೆ ವೇಗ 50ರ ಆಸುಪಾಸು. ಸ್ಟೇರಿಂಗ್ ತಿರುಗಿಸಿದಾಗ ಮೂತಿ 'ಕಟ್ ಅಂತ' ತಿರುಗಿತು. ಅರ್ಧ ತಿರುವಿನಲ್ಲಿ ಎಕ್ಸಲೇಟರ್ ಬಿಟ್ಟು ಬ್ರೇಕ್ ಮುಟ್ಟಿದರು. ಒತ್ತಲಿಲ್ಲ, ಮುಟ್ಟಿದ್ದು ಅಷ್ಟೇ. ಆಮೇಲೆ ಸ್ಟೇರಿಂಗ್ ಎತ್ತ ತಿರುಗಿಸಿದರೂ ಗಾಡಿ ಮಾತು ಕೇಳಲಿಲ್ಲ.

ಮೂತಿ ಕಟ್ ಅಂತ ತಿರುಗಿತು ಅನ್ನುವ ಆ ಮಾತನ್ನು ಹಿಡಿದುಕೊಳ್ಳಿ. ಕಾರಣದ ಮೊದಲ ಸುಳಿವು ಅದೇ.

ಟೈರನ್ನು ದೂರುವ ಮೊದಲು

ಹಿಂಬದಿ ಜಾರಿದ ಕೂಡಲೇ ಟೈರೇ ಕಾರಣ ಅನ್ನುವುದು ಅವಸರ. ಪಿಕಪ್ ಗಾಡಿಯಲ್ಲಿ ಇದೇ ಲಕ್ಷಣ ತೋರಿಸುವ ಬೇರೆ ದೋಷಗಳಿವೆ. ಅವನ್ನು ಒಂದೊಂದಾಗಿ ನೋಡಿ ಬಿಡಬೇಕು.

ಮೊದಲನೆಯದು ಹಿಂದಿನ ಆಕ್ಸಲ್ ಓರೆಯಾಗಿರುವುದು. ಪಾಟಾದ ಸೆಂಟರ್ ಬೋಲ್ಟ್ ತುಂಡಾದರೆ, ಅಥವಾ ಆಕ್ಸಲನ್ನು ಪಾಟಾಕ್ಕೆ ಬಿಗಿಯುವ ಯು-ಬೋಲ್ಟ್ ಸಡಿಲಾದರೆ ಹೌಸಿಂಗ್ (ಆಕ್ಸಲ್‌ನ ಕವಚ) ಒಂದು ಬದಿಗೆ ಸರಿದು ಹಿಂದಿನ ಗಾಲಿಗಳೇ ಗಾಡಿಯನ್ನು ತಿರುಗಿಸತೊಡಗುತ್ತವೆ. ಪರೀಕ್ಷೆಗೆ ಅಳತೆ ಟೇಪು ಸಾಕು. ಸಮ ನೆಲದಲ್ಲಿ ಸ್ಟೇರಿಂಗ್ ನೇರ ಮಾಡಿ ನಿಲ್ಲಿಸಿ, ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಎರಡೂ ಬದಿ ಅಳೆಯಬೇಕು. ಇಲ್ಲಿ ವ್ಯತ್ಯಾಸ 3 ಮಿ.ಮೀ., ಲೆಕ್ಕಕ್ಕಿಲ್ಲದ್ದು. ಯು-ಬೋಲ್ಟ್ ನಟ್ಟುಗಳು ಬಿಗಿ ಇದ್ದವು.

ಎರಡನೆಯದು ಬ್ರೇಕು. ಇಂಥ ಗಾಡಿಗಳಲ್ಲಿ ಹಿಂದಿನ ಹೌಸಿಂಗ್‌ಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳು ಕೂಡಿಸಿದ ವಾಲ್ವ್ ಇರುತ್ತದೆ. ಲೋಡು ಬಿದ್ದು ಚಾಸಿ ಕೆಳಗಿಳಿದರೆ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಖಾಲಿ ಇದ್ದರೆ ಕಡಿಮೆ ಮಾಡುತ್ತದೆ. ಒಣಗಿದ ಎರೆ ಮಣ್ಣು ಸಿಮೆಂಟಿನಂತೆ ಮೆತ್ತಿಕೊಂಡು ಈ ಸರಳು 'ಲೋಡ್ ಇದೆ' ಎಂಬ ಜಾಗದಲ್ಲಿ ಸಿಕ್ಕಿಬಿದ್ದರೆ ಖಾಲಿ ಗಾಡಿಯ ಹಿಂದಿನ ಗಾಲಿ ತುಸು ಬ್ರೇಕಿಗೇ ಲಾಕ್ ಆಗುತ್ತದೆ. ನಮ್ಮ ಕಡೆ ಇದನ್ನು ನೋಡುವವರೇ ಕಡಿಮೆ, ಅದಕ್ಕೇ ಇಷ್ಟು ಬರೆದದ್ದು. ಇಲ್ಲಿ ಸರಳು ಕೈಯಿಂದ ಎತ್ತಿದರೆ ಎದ್ದು ಬಿಟ್ಟರೆ ಇಳಿಯುತ್ತಿತ್ತು. 

ವೀಲ್ ಬೇರಿಂಗ್, ಮುಂದಿನ ಬಾಲ್ ಜಾಯಿಂಟ್ ಎರಡರಲ್ಲೂ ಆಟ ಇರಲಿಲ್ಲ. ಅಲೈನ್‌ಮೆಂಟ್ ಹೊಸ ಟೈರಿನ ಜೊತೆ ಮಾಡಿಸಿದ್ದೇ.

ಗಾಳಿ ಮಾತ್ರ ಸರಿ ಇರಲಿಲ್ಲ. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ನೋಡಿದರೆ ಹಿಂದಿನ ಎಡಕ್ಕಿಂತ ಬಲದಲ್ಲಿ 7 ಪಿಎಸ್‌ಐ ಕಡಿಮೆ. ಎಡದಲ್ಲಿ ಪೂರ್ತಿ ಲೋಡಿನ ಗಾಳಿ ಇದ್ದು ಗಾಡಿ ಖಾಲಿ ಓಡುತ್ತಿತ್ತು. ಇದು ಮುಖ್ಯ ಕಾರಣ ಅಲ್ಲ, ಆದರೆ ಕೂಡಿಕೊಂಡದ್ದು ಹೌದು.

ರಟ್ಟಿನ ಮೇಲೆ ಬಿದ್ದ ಅಚ್ಚು

ಮಾಲೀಕರಿಗೆ ಬಾಯಲ್ಲಿ ಹೇಳಿದರೆ ಒಪ್ಪುವ ಹಾಗಿರಲಿಲ್ಲ. ಹಾಗಾಗಿ ಯಾವ ಅಂಗಡಿಯಲ್ಲಾದರೂ ಮಾಡಬಹುದಾದ ಪರೀಕ್ಷೆಯೊಂದನ್ನು ಅವರ ಮುಂದೆಯೇ ಮಾಡಲಾಯಿತು. ಖಾಲಿ ಗಾಡಿಯ ಒಂದು ಗಾಲಿ ಜಾಕಿ ಮೇಲೆ ಎತ್ತಿ, ನೆಲ ಮುಟ್ಟುವ ಭಾಗಕ್ಕೆ ಕೆಮ್ಮಣ್ಣು ತೆಳ್ಳಗೆ ಕಲಸಿ ಬ್ರಷ್‌ನಿಂದ ಹಚ್ಚಿ, ಕೆಳಗೆ ದಪ್ಪ ರಟ್ಟು ಇಟ್ಟು ನಿಧಾನ ಇಳಿಸಿ, ಮತ್ತೆ ಎತ್ತುವುದು. ಗಾಲಿ ತಿರುಗಬಾರದು, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟಿರಬೇಕು.

ಮುಂದಿನ ರೇಡಿಯಲ್ ಬಿಟ್ಟ ಅಚ್ಚು ಮೂಲೆ ತುಸು ದುಂಡಗಿರುವ ಆಯತ. ಅಂಚಿನ ಗೆರೆಯೂ ನಡುವಿನ ಗೆರೆಯೂ ಒಂದೇ ಗಾಢ. ಹಿಂದಿನ ಎಡ ನೈಲಾನ್ ಬಿಟ್ಟದ್ದು ಮೊಟ್ಟೆಯಾಕಾರ. ನಡುವೆ ಗಾಢ, ಎರಡೂ ಭುಜದ ಕಡೆ ಮಸುಕು, ಹೊರಗಿನ ಬಟನ್‌ಗಳು ಬರೀ ಚುಕ್ಕಿ. ಅಂಗೈ ಇಟ್ಟು ನೋಡಿದರೆ ಮುಂದಿನ ಅಚ್ಚು ಬೆರಳಿನವರೆಗೂ ತುಂಬುತ್ತದೆ, ಹಿಂದಿನದು ಅಂಗೈಗೇ ಮುಗಿಯುತ್ತದೆ. ಗಾಡಿ ನಿಂತಿರುವಾಗಲೇ ಇಷ್ಟು. ತಿರುವಿನಲ್ಲಿ ಬದಿಗೆ ಒತ್ತಿದಾಗ ನೈಲಾನ್‌ನ ಈ ಮೊಟ್ಟೆ ಒಂದು ಕಡೆ ಇನ್ನಷ್ಟು ಎದ್ದು ಮತ್ತೂ ಸಣ್ಣದಾಗುತ್ತದೆ.

ಮಾಲೀಕರು ಆ ಎರಡು ರಟ್ಟು ಮನೆಗೆ ಒಯ್ದರು.

ಒಳಗೆ ಆಗುವುದೇನು

ನೈಲಾನ್ ಟೈರಿನ ಒಳಗಿನ ದಾರಗಳು ಟೈರಿನ ನಡುಗೆರೆಗೆ ಸುಮಾರು 30ರಿಂದ 40 ಡಿಗ್ರಿ ಓರೆಯಾಗಿ, ಒಂದರ ಮೇಲೊಂದು ಅಡ್ಡಡ್ಡ ಹೆಣೆದಿರುತ್ತವೆ. ಬದಿಗೋಡೆಯೂ ಮೇಲಿನ ಬಟನ್ ಭಾಗವೂ ಒಂದೇ ಹೆಣಿಗೆ. ಬದಿ ಬಾಗಿದರೆ ಬಟನ್ ಭಾಗವೂ ಜೊತೆಗೆ ತಿರುಚುತ್ತದೆ. ಈ ಹೆಣಿಗೆಗೆ ಅದರದೇ ಗುಣವಿದೆ: ಬದಿಗೋಡೆ ಗಟ್ಟಿ, ಕಲ್ಲು ಮುಳ್ಳಿನ ಏಟಿಗೆ ಬೇಗ ಸೀಳುವುದಿಲ್ಲ. ಹೊಲದ ದಾರಿಯವರು ಅದನ್ನು ನಂಬುವುದು ಸುಮ್ಮನೆ ಅಲ್ಲ. ಆದರೆ ಪದರಗಳು ಒಂದಕ್ಕೊಂದು ಉಜ್ಜಿ ಬೇಗ ಬಿಸಿಯಾಗುತ್ತದೆ, ಉರುಳಲು ಹೆಚ್ಚು ಬಲ ಬೇಡುತ್ತದೆ.

ರೇಡಿಯಲ್‌ನಲ್ಲಿ ದಾರಗಳು ಈ ಅಂಚಿನಿಂದ ಆ ಅಂಚಿಗೆ ನೇರ, 90 ಡಿಗ್ರಿ. ಬಟನ್ ಕೆಳಗೆ ಉಕ್ಕಿನ ತಂತಿಯ ಪಟ್ಟಿ ಬೇರೆಯೇ ಸುತ್ತಿರುತ್ತದೆ. ಬದಿ ಮೆತ್ತಗೆ ಬಾಗುತ್ತದೆ, ಪಟ್ಟಿ ಮಾತ್ರ ನೆಲಕ್ಕೆ ಚಪ್ಪಟೆಯಾಗಿ ಕೂತಿರುತ್ತದೆ. ಫ್ರಾನ್ಸಿನ ಮಿಶೆಲಿನ್ 1946ರಲ್ಲಿ ಪೇಟೆಂಟ್ ಪಡೆದ ರಚನೆ ಇದು. ರೇಡಿಯಲ್ ಹಾಕಿದ ಗಾಡಿಯನ್ನು ನೋಡಿ 'ಹವಾ ಕಡಿಮೆ ಆಗೇತಿ' ಅನ್ನುವವರು ಇಂದಿಗೂ ಇದ್ದಾರೆ. ಗಾಳಿ ಸರಿ ಇದ್ದರೂ ಅದರ ಹೊಟ್ಟೆ ತುಸು ಉಬ್ಬಿಯೇ ಕಾಣುತ್ತದೆ.

ಈಗ ತಿರುವು. ಯಾವ ಟೈರೂ ತಾನು ಮೋರೆ ಮಾಡಿದ ದಿಕ್ಕಿಗೇ ನೇರ ಹೋಗುವುದಿಲ್ಲ. ಬದಿಯ ಬಲ ಬಿದ್ದಾಗ ತುಸು ಓರೆಯಾಗಿ ಸಾಗುತ್ತದೆ. ಆ ಓರೆಗೆ ಸ್ಲಿಪ್ ಆಂಗಲ್ ಅನ್ನುತ್ತಾರೆ. ಅಷ್ಟೇ ಬಲಕ್ಕೆ ರೇಡಿಯಲ್ ಕಡಿಮೆ ಓರೆಯಾಗುತ್ತದೆ, ನೈಲಾನ್ ಹೆಚ್ಚು. ರೇಡಿಯಲ್ 3 ಡಿಗ್ರಿ, ನೈಲಾನ್ 5 ಡಿಗ್ರಿ ಎಂದು ಇಟ್ಟುಕೊಳ್ಳಿ. ನಾಲ್ಕೂ ನೈಲಾನ್ ಇದ್ದಾಗ ಮುಂದೆ 5, ಹಿಂದೆ 5: ಗಾಡಿ ಇಡಿಯಾಗಿ ಹೊರಗೆ ತೇಲುತ್ತದೆ, ಡ್ರೈವರ್ ಸ್ಟೇರಿಂಗ್ ತುಸು ಹೆಚ್ಚು ಎಳೆಯುತ್ತಾನೆ, 'ಗಾಡಿ ಜೋರಾತು' ಎಂದು ವೇಗ ಇಳಿಸುತ್ತಾನೆ. ಮೂರು ವರ್ಷ ನಡೆದದ್ದು ಇದೇ. ಮುಂದೆ ಮಾತ್ರ ರೇಡಿಯಲ್ ಆದಾಗ ಮುಂದೆ 3, ಹಿಂದೆ 5. ಮೂತಿ ಒಳಗೆ ಕಚ್ಚುತ್ತದೆ, ಬಾಲ ಹೊರಗೆ ಹೋಗುತ್ತದೆ. ಬಾಲ ಹೊರಗೆ ಹೋದಷ್ಟೂ ಗಾಡಿ ತಾನಾಗಿಯೇ ಇನ್ನೂ ಬಿಗಿಯಾಗಿ ತಿರುಗುತ್ತದೆ, ಬಿಗಿಯಾದಷ್ಟೂ ಬಾಲದ ಮೇಲೆ ಬಲ ಹೆಚ್ಚುತ್ತದೆ. ಇದು ಓವರ್‌ಸ್ಟಿಯರ್. ಒಮ್ಮೆ ಶುರುವಾದರೆ ತಾನೇ ಬೆಳೆಯುವ ತಪ್ಪು.

ಮುಂದಿನ ಗಾಲಿ ಜಾರಿದರೆ ಸ್ಟೇರಿಂಗ್ ಹಗುರಾಗಿ ಕೈಗೆ ಗೊತ್ತಾಗುತ್ತದೆ, ಎಕ್ಸಲೇಟರ್ ಬಿಟ್ಟರೆ ಭಾರ ಮುಂದೆ ಬಂದು ಹಿಡಿತ ಮರಳುತ್ತದೆ. ಹಿಂದಿನದು ಜಾರುವಾಗ ಕೈಗೆ ಸುದ್ದಿ ಬರುವುದಿಲ್ಲ. ಜಾರಿದ್ದು ಗೊತ್ತಾದಾಗ ಎಲ್ಲರ ಕಾಲೂ ಎಕ್ಸಲೇಟರ್ ಬಿಟ್ಟು ಬ್ರೇಕಿಗೆ ಹೋಗುತ್ತದೆ, ಭಾರ ಮುಂದಕ್ಕೆ ಸರಿಯುತ್ತದೆ, ಮೊದಲೇ ಹಗುರಾದ ಹಿಂಬದಿ ಇನ್ನೂ ಹಗುರಾಗುತ್ತದೆ. ಆ ಸಂಜೆಯ ಡ್ರೈವರ್ ತಪ್ಪು ಮಾಡಲಿಲ್ಲ, ಯಾರಾದರೂ ಮಾಡುವುದನ್ನೇ ಮಾಡಿದರು.

ಲೆಕ್ಕ ಹಾಕಿದರೆ ಎಷ್ಟು ಅಂಚಿನಲ್ಲಿ ಇದ್ದರೆಂದು ತಿಳಿಯುತ್ತದೆ. 50 ಕಿ.ಮೀ. ಅಂದರೆ ಸೆಕೆಂಡಿಗೆ 13.9 ಮೀಟರ್. ತಿರುವಿನ ತ್ರಿಜ್ಯ 60 ಮೀಟರ್ ಎಂದು ಹಿಡಿದರೆ ಗಾಡಿಯನ್ನು ದಾರಿಯಲ್ಲಿ ಇಡಲು ಅದರ ತೂಕದ ಮೂರರಲ್ಲಿ ಒಂದು ಪಾಲಿನಷ್ಟು, 0.33, ಬದಿ ಬಲ ಬೇಕು. ಒಣ ಡಾಂಬರಿಗೆ ಇದು ದೊಡ್ಡ ಮಾತಲ್ಲ. ಮೊದಲ ಮಳೆಯ ಜಿಡ್ಡಿನ ಮೇಲೆ, 2.4 ಮಿ.ಮೀ. ಉಳಿದ ಹಳೇ ನೈಲಾನ್‌ಗೆ ಅದೇ ಕೊನೆಯ ಗೆರೆ. ಅದೇ ತಿರುವಿಗೆ 40ರಲ್ಲಿ 0.21 ಸಾಕಿತ್ತು. ವೇಗದಲ್ಲಿ ಐದರಲ್ಲಿ ಒಂದು ಪಾಲು ಇಳಿಸಿದರೆ ಬೇಕಾದ ಹಿಡಿತ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ.

ಇನ್ನೊಂದು ವಿಷಯ ಲೆಕ್ಕದಲ್ಲಿ ಬರುವುದಿಲ್ಲ. ಹೊಸ ರೇಡಿಯಲ್ ಹಾಕಿದ ದಿನದಿಂದ ಸ್ಟೇರಿಂಗ್ ಹಗುರಾಗಿ ಚುರುಕಾಗಿ, 'ಗಾಡಿ ಕಾರಿನಂಗಾತು' ಎಂಬ ಭಾವನೆ ಡ್ರೈವರ್‌ಗೆ ಬಂದಿತ್ತು. ಮೊದಲು 40ರಲ್ಲಿ ತೆಗೆದುಕೊಳ್ಳುತ್ತಿದ್ದ ತಿರುವನ್ನು 50ರಲ್ಲಿ ತೆಗೆದುಕೊಂಡರು. ಹಿಡಿತದ ಸುದ್ದಿ ಕೈಗೆ ಬರುವುದು ಮುಂದಿನ ಗಾಲಿಯಿಂದ ಮಾತ್ರ, ಮತ್ತು ಆ ಸುದ್ದಿ ಅಲ್ಲಿಗಷ್ಟೇ ನಿಜ. ಮುಂದೆ ಒಳ್ಳೆಯದು ಹಿಂದೆ ಕೆಟ್ಟದ್ದು ಹಾಕುವುದರಲ್ಲಿ ದೊಡ್ಡ ಅಪಾಯ ಇದೇ ಎಂದು ನಮ್ಮ ಖಚಿತ ಅಭಿಪ್ರಾಯ.

ಅಂಗಡಿಯ ಮಾತು

ಟೈರು ಕೊಳ್ಳುವಾಗ ನಡೆದ ಮಾತು ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲ ಕಡೆ ನಡೆಯುವಂಥದ್ದೇ.

"ಎರಡ ಹಾಕೂದಿದ್ರ ಮುಂದ ಹಾಕ್ರಿ ಕಾಕಾ. ಸ್ಟೇರಿಂಗ್ ಮುಂದ ಐತಿ."

"ಹಿಂದಿನವು ತಡೀತಾವೇನ್ ತಮ್ಮಾ?"

"ಹಿಂದ ಲೋಡ್ ಹೊರೂದು ನೈಲಾನ್ ರೀ, ಅದಕ್ಕೇನೂ ಆಗೂದಿಲ್ಲ. ಮುಂದ ಫುಟ್ಟಾದ್ರ ಕೈ ಬಿಡ್ತೈತಿ."

ಈ ಮಾತಿನಲ್ಲಿ ಕೆಟ್ಟ ಉದ್ದೇಶ ಇಲ್ಲ, ಅರ್ಧ ನಿಜವೂ ಇದೆ. ಮುಂದಿನ ಟೈರು ಒಡೆದರೆ ಗಾಡಿ ಎಳೆಯುತ್ತದೆ, ಸರಿ. ಬ್ರೇಕಿನ ಹೆಚ್ಚಿನ ಕೆಲಸ ಮುಂದಿನ ಗಾಲಿಯದು, ಅದೂ ಸರಿ. ಆದರೆ ಒಡೆಯುವಷ್ಟು ಹಳೆಯ ಟೈರು ಮುಂದೂ ಇರಬಾರದು, ಹಿಂದೂ ಇರಬಾರದು. ಓಡಿಸಲು ಯೋಗ್ಯವಾದ ಎರಡು ಜೋಡಿಯಲ್ಲಿ ಯಾವುದು ಎಲ್ಲಿ ಅನ್ನುವ ಪ್ರಶ್ನೆಗೆ ಉತ್ತರ ಒಂದೇ: ಹೆಚ್ಚು ಹಿಡಿತದ ಜೋಡಿ ಹಿಂದೆ. ಮುಂದಿನ ಗಾಲಿ ಎಳೆಯುವ ಕಾರಿಗೂ ಇದೇ ಮಾತು. ರೇಡಿಯಲ್ ಮತ್ತು ನೈಲಾನ್ ಕೂಡಿಸಲೇಬೇಕಾದ ದಿನ ಬಂದರೆ ರೇಡಿಯಲ್ ಹಿಂದೆ, ನೈಲಾನ್ ಮುಂದೆ, ಅದೂ ಕೆಲವೇ ದಿನ. ರೇಡಿಯಲ್ ಮುಂದೆ, ನೈಲಾನ್ ಹಿಂದೆ ಯಾವ ಕಾರಣಕ್ಕೂ ಬೇಡ. ಒಂದೇ ಆಕ್ಸಲ್‌ನಲ್ಲಿ ಒಂದು ಅದು ಒಂದು ಇದು ಅನ್ನುವುದಂತೂ ಬೇಡವೇ ಬೇಡ.

ಅಪಘಾತದ ಮೇಲೆ ಅಂಗಡಿ ಕೊಟ್ಟ ಸಲಹೆ ಹಿಂದೆ ಎರಡು ಹೊಸ ನೈಲಾನ್ ಹಾಕುವುದು. ತೋಡು ಆಳವಾಗುತ್ತಿತ್ತು, ನೀರು ಹೊರಗೆ ಹೋಗುತ್ತಿತ್ತು, ನಿಜ. ಆದರೆ ಮುಂದೆ 3, ಹಿಂದೆ 5 ಅನ್ನುವ ಮೂಲ ಅಸಮತೋಲನ ಹಾಗೆಯೇ ಉಳಿಯುತ್ತಿತ್ತು. ನಾಲ್ಕೂ ನೈಲಾನ್‌ಗೆ ಮರಳುವುದು ಅದಕ್ಕಿಂತ ಸರಿಯಾದ ದಾರಿ. ಗಾಡಿ ಹೊಲ ಬಿಟ್ಟು ಹೆದ್ದಾರಿಗೆ ಬರುವುದೇ ಇಲ್ಲ ಅನ್ನುವವರಿಗೆ ಅದೇ ಒಳ್ಳೆಯದೂ ಹೌದು. ಈ ಗಾಡಿ ವಾರಕ್ಕೆ 250ರಿಂದ 500 ಕಿ.ಮೀ. ಡಾಂಬರಿನಲ್ಲಿ ಓಡುವುದರಿಂದ ನಾಲ್ಕೂ ರೇಡಿಯಲ್ ಎಂದು ತೀರ್ಮಾನವಾಯಿತು.

ಮಾಡಿದ ಕೆಲಸ

ಕೈಯಲ್ಲಿ ಅಂದು ದುಡ್ಡಿರಲಿಲ್ಲ. ಮೊದಲ ದಿನ ಪುಕ್ಕಟೆ ಆಗುವಷ್ಟು ಮಾಡಲಾಯಿತು: ರೇಡಿಯಲ್ ಜೋಡಿ ಹಿಂದಕ್ಕೆ, ನೈಲಾನ್ ಜೋಡಿ ಮುಂದಕ್ಕೆ. ಹೀಗೆ ಅದಲು ಬದಲು ಮಾಡುವ ಮೊದಲು ಎರಡು ನೋಡಬೇಕು. ಅಳತೆಯೂ ಪ್ಲೈಯೂ ಒಂದೇ ಇರಬೇಕು, ಮತ್ತು ಹಿಂದೆ ಹೋಗುವ ಟೈರಿನ ಲೋಡ್ ಅಂಕಿ ಹಿಂದಿನ ಭಾರಕ್ಕೆ ಸಾಕಾಗಬೇಕು. ಇಲ್ಲಿ ಎರಡೂ ಹೊಂದಿದವು. ಬದಲಿಸಿದ ಮೇಲೆ ಸ್ಟೇರಿಂಗ್ ಭಾರವಾಯಿತು, ನೇರ ರಸ್ತೆಯಲ್ಲಿ ತುಸು ಅಲೆದಾಟ, ಬಲಕ್ಕೆ ಸಣ್ಣ ಎಳೆತ. ಸವೆದ, ವಯಸ್ಸು ಬೇರೆಯಾದ ನೈಲಾನ್ ಮುಂದಿದ್ದರೆ ಇದು ಇದ್ದದ್ದೇ. ಡ್ರೈವರ್‌ಗೆ ಹಿತವಾಗಲಿಲ್ಲ, ಆದರೆ ಹೀಗೆ ಹಿತವಾಗದ ಗಾಡಿಯನ್ನು ಮನುಷ್ಯ ನಿಧಾನ ಓಡಿಸುತ್ತಾನೆ. 50ರ ಮೇಲೆ ಬೇಡ, ಮಳೆಯಲ್ಲಿ ಹೆದ್ದಾರಿ ಬೇಡ, ಬ್ಯಾಡಗಿ ಬಾಡಿಗೆ ಸದ್ಯ ಬೇಡ ಎಂದು ಹೇಳಿ ಕಳಿಸಲಾಯಿತು.

ಮೂರು ವಾರಕ್ಕೆ ಇನ್ನೊಂದು ಜೋಡಿ ರೇಡಿಯಲ್ ಬಂತು, ಅದೇ ಅಳತೆ, ಅದೇ ಪ್ಲೈ, ಅದೇ ಬಟನ್. ಹಿಂದಿರುವ ಜೋಡಿಗೂ ಇದಕ್ಕೂ ಆಳದಲ್ಲಿ ಅರ್ಧ ಮಿ.ಮೀ. ವ್ಯತ್ಯಾಸವೂ ಇಲ್ಲದ್ದರಿಂದ ಹೊಸದು ಮುಂದೆಯೇ ಕೂತಿತು.

ಟ್ಯೂಬಿನ ವಿಷಯದಲ್ಲಿ ಅಂಗಡಿಯವರು ಹಳೇ ಟ್ಯೂಬನ್ನೇ ಹಾಕಲು ಹೊರಟಿದ್ದರು. ಅದನ್ನು ತಡೆದದ್ದಕ್ಕೆ ಕಾರಣವಿದೆ. ರೇಡಿಯಲ್‌ನ ಬದಿ ಹೆಚ್ಚು ಬಾಗುವುದರಿಂದ ಅದರೊಳಗಿನ ಟ್ಯೂಬೂ ಹೆಚ್ಚು ಬಾಗುತ್ತದೆ. ನೈಲಾನ್‌ಗೆಂದು ಮಾಡಿದ ಟ್ಯೂಬು ಅಲ್ಲಿ ಬೇಗ ಬಿರಿಯುತ್ತದೆ. ರೇಡಿಯಲ್‌ಗೆ ಎಂದು ಗುರುತಿರುವ ಟ್ಯೂಬನ್ನೇ ಕೇಳಿ ಪಡೆಯಬೇಕು. ಹಳೇ ಟ್ಯೂಬು ಹಿಗ್ಗಿಯೂ ಇರುತ್ತದೆ. ಹೊಸ ಟೈರಿನೊಳಗೆ ಅದು ಮಡಚಿಕೊಂಡು, ಮಡಿಕೆಯಲ್ಲಿ ಉಜ್ಜಿ, ಒಂದು ದಿನ ನಡುದಾರಿಯಲ್ಲಿ ಸೀಳುತ್ತದೆ. ಫ್ಲಾಪ್ (ಟ್ಯೂಬಿಗೂ ಡಿಸ್ಕಿಗೂ ನಡುವಿನ ರಬ್ಬರ್ ಪಟ್ಟಿ) ಗಟ್ಟಿಯಾಗಿ ಅಂಚು ಹರಿದಿದ್ದರೆ ಅದನ್ನೂ ಬದಲಿಸಬೇಕು. ಈ ಗಾಡಿಯಲ್ಲಿ ಒಂದನ್ನು ಬದಲಿಸಲಾಯಿತು.

ಕೂಡಿಸುವಾಗ ಟೈರಿನ ಅಂಚಿಗೆ ಸಾಬೂನು ನೀರು ಹಚ್ಚಬೇಕು, ಗ್ರೀಸ್ ಅಥವಾ ಸುಟ್ಟ ಆಯಿಲ್ ಅಲ್ಲ, ಅದು ರಬ್ಬರ್ ತಿನ್ನುತ್ತದೆ. ಮೊದಲು ಗಾಳಿ ತುಂಬಿ ಅಂಚು ಡಿಸ್ಕಿನ ಸುತ್ತ ಒಂದೇ ಸಮ ಕೂತದ್ದು ನೋಡಿ, ವಾಲ್ವ್ ಪಿನ್ ತೆಗೆದು ಪೂರ್ತಿ ಬಿಟ್ಟು, ಮತ್ತೆ ತುಂಬಬೇಕು. ಒಳಗೆ ಟ್ಯೂಬಿನ ಮಡಿಕೆ ಬಿಚ್ಚಿಕೊಳ್ಳುವುದು ಆ ಎರಡನೇ ಸಲದಲ್ಲೇ. ಹೆಚ್ಚಿನ ಅಂಗಡಿಗಳು ಇದನ್ನು ಬಿಡುತ್ತವೆ. ಎರಡು ನಿಮಿಷದ ಕೆಲಸ, ನಿಂತು ಮಾಡಿಸಿ. ನಟ್ಟುಗಳನ್ನು ಗಾಲಿ ನೆಲದಲ್ಲಿರುವಾಗಲೇ ಸಡಿಲಿಸಿ, ಎತ್ತಿ, ಕೂಡಿಸುವಾಗ ಎದುರೆದುರಿನವನ್ನು ಸರದಿಯಂತೆ ಬಿಗಿದು, 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ನೋಡಬೇಕು.

ಗಾಳಿಗೆ ಡ್ರೈವರ್ ಬಾಗಿಲ ಪಕ್ಕದ ಚೀಟಿಯೇ ಪ್ರಮಾಣ. ನೈಲಾನ್‌ಗೆ ರೂಢಿಯಲ್ಲಿದ್ದ ಅಂಕಿಯನ್ನು ರೇಡಿಯಲ್‌ಗೆ ಹಾಕಬಾರದು, ಪಕ್ಕದ ಗಾಡಿಯವರನ್ನು ಕೇಳಿಯೂ ಹಾಕಬಾರದು. ಖಾಲಿಗೂ ಲೋಡಿಗೂ ಬೇರೆ ಅಂಕಿ ಕೊಟ್ಟಿದ್ದರೆ ಎರಡನ್ನೂ ಡ್ಯಾಶ್‌ಬೋರ್ಡ್ ಮೇಲೆ ಬರೆದು ಅಂಟಿಸಿಕೊಳ್ಳಿ. ಬ್ಯಾಡಗಿಯಲ್ಲಿ ಲೋಡ್ ಇಳಿಸಿದ ಕೂಡಲೇ ಗಾಳಿ ಬಿಟ್ಟು ಖಾಲಿಯ ಅಂಕಿಗೆ ತರಬೇಕೇ ಎಂದು ಡ್ರೈವರ್ ಕೇಳಿದರು. ಬೇಡ. 120 ಕಿ.ಮೀ. ಓಡಿ ಬಿಸಿಯಾದ ಟೈರು ತಣ್ಣಗಿನದಕ್ಕಿಂತ ಹಲವು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಆಗ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಡಿಮೆಯಾಗಿರುತ್ತದೆ. ಚೀಲ ಇಳಿಸಿ, ತೂಕ ಮಾಡಿಸಿ, ಊಟ ಮುಗಿಸುವಷ್ಟರಲ್ಲಿ ಮೂರು ತಾಸು ಹೇಗೂ ಆಗುತ್ತದೆ. ತಣ್ಣಗಾದ ಮೇಲೆ ಬೇಕಾದರೆ ಸರಿಪಡಿಸಿ. ಇಲ್ಲದಿದ್ದರೆ ಹಾಗೇ ಬನ್ನಿ, ಖಾಲಿ ಗಾಡಿಯ ಹಿಂಬದಿ ಕುಣಿಯುತ್ತದೆ ಎಂಬ ಎಚ್ಚರ ಇಟ್ಟುಕೊಂಡು.

ಇದೇ ತಪ್ಪಿನ ಬೇರೆ ರೂಪಗಳು

ನೈಲಾನ್ ಇಲ್ಲದ ಗಾಡಿಯವರೂ ಇದರಿಂದ ಹೊರಗಿಲ್ಲ. ಎರೆ ಹೊಲಕ್ಕೆಂದು ಜೀಪಿನ ಹಿಂದಿನ ಎರಡು ಗಾಲಿಗೆ ಮಾತ್ರ ದಪ್ಪ ಬಟನ್ನಿನ ಮಡ್ ಟೈರು ಹಾಕುವವರು ಗದಗ, ಅಣ್ಣಿಗೇರಿ ಕಡೆ ಬಹಳ. ಎತ್ತರದ ಬಟನ್‌ಗಳು ಡಾಂಬರಿನ ಮೇಲೆ ಹಲ್ಲು ಅಲುಗಿದಂತೆ ಅಲುಗುತ್ತವೆ, ನೆಲ ಮುಟ್ಟುವ ರಬ್ಬರೂ ಕಡಿಮೆ. ಎರಡೂ ರೇಡಿಯಲ್ಲೇ ಆದರೂ ಮಳೆಯ ತಿರುವಿನಲ್ಲಿ ಫಲ ಇದೇ. ನಾಲ್ಕಕ್ಕೂ ಹಾಕಿ, ಇಲ್ಲ ಹಾಕಬೇಡಿ. ನಾಲ್ಕೂ ಗಾಲಿ ಎಳೆಯುವ ಗಾಡಿಯಾದರೆ ಮುಂದಿನ ಹಿಂದಿನ ಟೈರಿನ ಸುತ್ತಳತೆ ಬೇರೆಯಾದಾಗ ಗಟ್ಟಿ ನೆಲದಲ್ಲಿ ಗೇರ್‌ಗಳು ಒಂದರೊಡನೊಂದು ಜಗ್ಗಾಡಿ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಗಾಲಿಗೆ ಎಳೆತ ಹಂಚುವ ಗೇರ್ ಪೆಟ್ಟಿಗೆ) ಹಾಳಾಗುವ ಖರ್ಚು ಬೇರೆ.

ಹಿಂದೆ ಜೋಡಿ ಗಾಲಿ ಇರುವ ಸಣ್ಣ ಲಾರಿಗಳಲ್ಲಿ ಒಳಗಿನದು ನೈಲಾನ್, ಹೊರಗಿನದು ರೇಡಿಯಲ್ ಹಾಕುವುದುಂಟು. ರೇಡಿಯಲ್ ಹೆಚ್ಚು ಅದುಮಿಕೊಳ್ಳುವುದರಿಂದ ಭಾರ ನೈಲಾನ್ ಮೇಲೆ ಬಿದ್ದು ಅದು ಕಾದು ಪದರ ಬಿಡುತ್ತದೆ.

ಸ್ಟೆಪ್ನಿ

ಉಳಿದದ್ದು ಇದು. ಐದನೇ ರೇಡಿಯಲ್‌ಗೆ ದುಡ್ಡು ಸಾಲದೆ, 3.6 ಮಿ.ಮೀ. ಉಳಿದ ನೈಲಾನ್ ಸ್ಟೆಪ್ನಿಯಾಯಿತು. ಅಂದರೆ ಪಂಕ್ಚರ್ ಆದ ದಿನ ಒಂದೇ ಆಕ್ಸಲ್‌ನಲ್ಲಿ ಎರಡು ಜಾತಿ ಬರುತ್ತದೆ. ಅದಕ್ಕೆ ಡ್ರೈವರ್‌ಗೆ ಹೇಳಿಕೊಟ್ಟದ್ದು ಹೀಗೆ: ಮುಂದೆ ಪಂಕ್ಚರ್ ಆದರೆ ಸ್ಟೆಪ್ನಿ ಮುಂದೆಯೇ ಹಾಕಿ, 40 ದಾಟದೆ ಹತ್ತಿರದ ಪಂಕ್ಚರ್ ಅಂಗಡಿಗೆ. ಹಿಂದೆ ಆದರೆ, ರಸ್ತೆ ಒಣಗಿದ್ದು ಅಂಗಡಿ ಹತ್ತಿರವಿದ್ದರೆ ಅದೇ ರೀತಿ. ಮಳೆ ಇದ್ದರೆ, ದೂರ ಹೋಗಬೇಕಿದ್ದರೆ, ಬೇಸರ ಪಡದೆ ಎರಡು ಸಲ ಜಾಕಿ ಹಚ್ಚಿ: ಮುಂದಿನ ಒಂದು ರೇಡಿಯಲ್ ತೆಗೆದು ಹಿಂದೆ ಹಾಕಿ, ನೈಲಾನ್ ಮುಂದೆ ಬರಲಿ. ಆಗ ಹಿಂದಿನ ಜೋಡಿಯಾದರೂ ಒಂದೇ ಜಾತಿಯದು ಇರುತ್ತದೆ, ಮುಂದಿನ ಎಳೆತ ಕೈಗೆ ತಿಳಿಯುತ್ತದೆ.

ಸ್ಟೆಪ್ನಿಯ ಬದಿಗೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ 40 ಎಂದು ಬರೆಸಲಾಗಿದೆ. ಮುಂದಿನ ಹಂಗಾಮಿನ ಮೊದಲ ಲೋಡಿನ ದುಡ್ಡಿನಲ್ಲಿ ಐದನೇ ರೇಡಿಯಲ್ ತರುವುದು, ಈ ನೈಲಾನ್ ಟೈರುಗಳನ್ನು ಮನೆಯ ಚಕ್ಕಡಿಗೆ ಹಾಕುವುದು ಎಂದು ಮಾತಾಗಿದೆ.